ಕಪ್ಪು ರಿಮ್ಮಿಗೆ ಇನ್ನೂ ಕಳೆ ಇದೆಯಾ?

ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಬಿಳಿ ಸ್ವಿಫ್ಟ್ ತಗೊಂಡ. ಗಾಡಿ ಚೆನ್ನಾಗಿತ್ತು, ಆದರೆ ಹಿಂದಿನ ಮಾಲೀಕರು ಫುಟ್‌ಪಾತಿನ ಕಲ್ಲಿಗೆ ಉಜ್ಜಿ ಉಜ್ಜಿ ನಾಲ್ಕೂ ಅಲಾಯ್‌ಗಳ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ, ಅಂಚು ಹಾಳು ಮಾಡಿದ್ದರು. ಒಂದು ಭಾನುವಾರ ಮನೆಗೆ ಬಂದವನು ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳಿದ: "ಅಣ್ಣಾ, ಅಲಾಯ್‌ಗೆ ಪೂರ್ತಿ ಕಪ್ಪು ಹೊಡೆಸಿಬಿಡ್ಲಾ? ಇಲ್ಲಾ ಅದೆಲ್ಲ ಈಗ ಹಳೇದಾಯ್ತಾ?"

ಕಾರಿನ ವಿಷಯ ತಿಳಿದವರೆಂದು ಹೆಸರು ಬಿದ್ದ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಬಣ್ಣ ಹೊಡೆಸಿದ ಮೇಲೆ ಆರೇಳು ವರ್ಷ ಅದನ್ನೇ ನೋಡುತ್ತಾ ಓಡಾಡಬೇಕಾದವನು ಅವನು. ಹಾಗಾಗಿ ಇಬ್ಬರೂ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು.

ಅಲ್ಲಿ ಒಂದು ಅಂಗಡಿಯ ಮುಂದೆ ಒಂದೇ ವಿನ್ಯಾಸದ ಎರಡು ಅಲಾಯ್‌ಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಒಂದು ಬೆಳ್ಳಿ ಬಣ್ಣದ್ದು, ಇನ್ನೊಂದು ಹೊಳಪು ಕಪ್ಪು. ತಮ್ಮ ನೋಡಿದವನೇ, "ಕಪ್ಪಗಿರೋದು ಒಂದಿಂಚು ಚಿಕ್ಕದು ಅಲ್ವಾ?" ಅಂದ. ಅಂಗಡಿಯವರು ನಕ್ಕು, ಟೇಪು ತಂದು ಅವನ ಕೈಗೇ ಕೊಟ್ಟರು. ಎರಡನ್ನೂ ಅಳೆದ. ಎರಡೂ ಒಂದೇ. ಹೊರ ಅಂಚಿನಿಂದ ಅಂಚಿಗೆ ಸುಮಾರು 16 ಇಂಚು. ಅಂದರೆ ಎರಡೂ 15 ಇಂಚಿನ ಚಕ್ರಗಳೇ. ಚಕ್ರದ ಅಳತೆ ಹೇಳುವುದು ಟೈರಿನ ಅಂಚು ಕೂರುವ ಜಾಗದ ಅಡ್ಡಳತೆಯನ್ನು, ಹೊರಗಿನ ಅಂಚನ್ನಲ್ಲ. ಅದಕ್ಕೇ ಟೇಪಿನಲ್ಲಿ ಒಂದು ಇಂಚು ಜಾಸ್ತಿ ಬರುತ್ತದೆ.

ಕಪ್ಪು ರಿಮ್ಮಿನ ಅಂದ ಚಂದದ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿ ಆ ಟೇಪಿನಲ್ಲೇ ಇದೆ. ಕಪ್ಪು ಬಣ್ಣ ಚಕ್ರದ ಆಕಾರವನ್ನು ತಿಂದುಬಿಡುತ್ತದೆ. ಯಾವ ಕಾರಿನಲ್ಲಿ ಆಕಾರ ಮರೆಯಾದರೂ ನಡೆಯುತ್ತದೋ ಅಲ್ಲಿ ಅದು ಒಪ್ಪುತ್ತದೆ. ಆಕಾರವೇ ಅಂದವಾಗಿರುವ ಕಡೆ ಅದು ನಷ್ಟ.

ಕಣ್ಣಿಗೆ ಏನಾಗುತ್ತದೆ

ಬೆಳ್ಳಿ ಬಣ್ಣದ ಅಲಾಯ್ ಮೇಲೆ ಬಿಸಿಲು ಬಿದ್ದಾಗ ಗಮನಿಸಿ. ಪ್ರತಿ ಸ್ಪೋಕಿನ ಮೇಲ್ಮೈ ಬೆಳ್ಳಗೆ ಹೊಳೆಯುತ್ತದೆ, ಪಕ್ಕದ ಗೋಡೆ ಬೂದು ಬಣ್ಣಕ್ಕೆ ತಿರುಗುತ್ತದೆ, ಸಂದು ಕತ್ತಲಾಗಿರುತ್ತದೆ. ಬೆಳಕು ನೆರಳಿನ ಈ ಮೂರು ಹಂತಗಳಿಂದಲೇ ಸ್ಪೋಕು ದಪ್ಪವೋ ತೆಳುವೋ, ಒಳಕ್ಕೆ ಬಾಗಿದೆಯೋ ಹೊರಕ್ಕೆ ಉಬ್ಬಿದೆಯೋ ಅಂತ ನಮಗೆ ಗೊತ್ತಾಗುವುದು. ಕಪ್ಪು ಬಳಿದರೆ ಮೂರೂ ಒಂದಾಗುತ್ತವೆ. ಹೊಳಪು ಕಪ್ಪಿನಲ್ಲಿ ಅಲ್ಲಲ್ಲಿ ಒಂದೊಂದು ಮಿಂಚು ಉಳಿಯುತ್ತದೆ. ಮ್ಯಾಟ್ ಕಪ್ಪಿನಲ್ಲಿ ಅದೂ ಇಲ್ಲ.

ಇದರ ಜೊತೆಗೆ ಟೈರೂ ಕಪ್ಪು. ರಬ್ಬರಿನ ಸಹಜ ಬಣ್ಣ ಹಾಲಿನ ಕೆನೆಯಂಥದ್ದು, ಮೊದಮೊದಲ ಟೈರುಗಳೂ ಬೆಳ್ಳಗೇ ಇದ್ದವು. ಮಿಶೆಲಿನ್ ಟೈರು ಕಂಪನಿಯ ಲಾಂಛನದ ಟೈರು ಮನುಷ್ಯ ಇವತ್ತಿಗೂ ಬೆಳ್ಳಗಿರುವುದು ಆ ಕಾಲದ ನೆನಪಾಗಿಯೇ. ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿಪುಡಿ ಬೆರೆಸಿದರೆ ಸವೆತವೂ ಬಿಸಿಲಿನ ಏಟೂ ಎಷ್ಟೋ ಪಾಲು ತಗ್ಗುತ್ತದೆ ಎಂದು ಗೊತ್ತಾದ ಮೇಲೆ ಟೈರು ಕಪ್ಪಾಯಿತು. ಕಪ್ಪು ಟೈರಿನ ಒಳಗೆ ಬೆಳ್ಳಿಯ ಚಕ್ರ ಕೂತರೆ ಗಡಿ ಸ್ಪಷ್ಟ. ಕಣ್ಣು ಚಕ್ರವನ್ನು ಬೇರೆಯಾಗಿ, ದೊಡ್ಡದಾಗಿ ಕಾಣುತ್ತದೆ. ಕಪ್ಪು ಟೈರಿನ ಒಳಗೆ ಕಪ್ಪು ಚಕ್ರ ಕೂತರೆ ಎರಡೂ ಸೇರಿ ಒಂದೇ ದಪ್ಪ ಕಪ್ಪು ಬಿಲ್ಲೆ. ರಿಮ್ಮು ಎಲ್ಲಿ ಮುಗಿದು ರಬ್ಬರು ಎಲ್ಲಿ ಶುರುವಾಯಿತು ಅನ್ನುವುದು ಹತ್ತು ಹೆಜ್ಜೆ ದೂರದಿಂದ ಗೊತ್ತಾಗುವುದಿಲ್ಲ.

ಕಾರು ವಿನ್ಯಾಸ ಮಾಡುವವರು ಕಾಗದದ ಮೇಲೆ ಗೀಚುವ ಮೊದಲ ಚಿತ್ರಗಳಲ್ಲಿ ಚಕ್ರವನ್ನು ವಿಪರೀತ ದೊಡ್ಡದಾಗಿ ಬಿಡಿಸುತ್ತಾರೆ. ದೊಡ್ಡ ಚಕ್ರ ಇದ್ದರೆ ಗಾಡಿ ನೆಲವನ್ನು ಗಟ್ಟಿಯಾಗಿ ಹಿಡಿದು ನಿಂತಂತೆ ಕಾಣುತ್ತದೆ ಅನ್ನುವುದಕ್ಕೇ ಅದು. ಮಾರಾಟಕ್ಕೆ ಬರುವ ಹೊತ್ತಿಗೆ ಆ ಚಕ್ರ ಕುಗ್ಗಿರುತ್ತದೆ. ಹಾಗೆ ಕುಗ್ಗಿದ 14, 15 ಇಂಚಿನ ಚಕ್ರಕ್ಕೆ ಪೂರ್ತಿ ಕಪ್ಪು ಬಳಿಯುವುದೆಂದರೆ ಅದನ್ನು ಇನ್ನಷ್ಟು ಕುಗ್ಗಿಸಿದಂತೆ. ಸಣ್ಣ ಹ್ಯಾಚ್‌ಬ್ಯಾಕ್‌ಗಳ ಮೇಲೆ ಕಪ್ಪು ಅಲಾಯ್ ಎಷ್ಟೋ ಸಲ ಗಾಡಿಯ ಕೆಳಗೆ ನಾಲ್ಕು ತೂತು ಬಿದ್ದಂತೆ ಕಾಣುವುದು ಇದೇ ಕಾರಣಕ್ಕೆ. 18 ಇಂಚಿನ ಚಕ್ರ, ತೆಳು ಟೈರು, ಅಗಲ ಸ್ಪೋಕು ಇರುವ ಗಾಡಿಯಲ್ಲಿ ಸ್ವಲ್ಪ ಕಳೆದರೂ ಇನ್ನೂ ಉಳಿದಿರುತ್ತದೆ.

ಎಸ್‌ಯುವಿಗಳಲ್ಲಿ ಇನ್ನೊಂದು ತೊಡಕು. ಚಕ್ರದ ಮೇಲಿನ ಕಮಾನಿಗೆ ಕಪ್ಪು ಪ್ಲಾಸ್ಟಿಕ್ ಹೊದಿಕೆ, ಅಂದರೆ ಕ್ಲ್ಯಾಡಿಂಗ್ ಇರುತ್ತದೆ. ಕ್ಲ್ಯಾಡಿಂಗ್ ಕಪ್ಪು, ಕಮಾನಿನ ಒಳಗು ಕಪ್ಪು, ಟೈರು ಕಪ್ಪು, ರಿಮ್ಮೂ ಕಪ್ಪು ಆದರೆ ಗಾಡಿಯ ಕೆಳಗಿನ ಮೂರನೇ ಒಂದು ಭಾಗವೇ ಕಾಣೆಯಾಗುತ್ತದೆ. ಗಾಡಿಯ ಬಣ್ಣ ಬಿಳಿ ಇದ್ದರೆ ಬಿಳಿ ಪೆಟ್ಟಿಗೆಯೊಂದು ಗಾಳಿಯಲ್ಲಿ ತೇಲಿದ ಹಾಗೆ. ಕೆಲವರಿಗೆ ಅದೇ ಇಷ್ಟ, ಅದರಲ್ಲಿ ತಪ್ಪಿಲ್ಲ. ಪೂರ್ತಿ ಕಪ್ಪು ಗಾಡಿಗಾದರೆ ಈ ಒಡಕು ಬರುವುದೇ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಶಿಲೆಯಲ್ಲಿ ಕಡೆದಂತೆ ಕಾಣುತ್ತದೆ. ಕಪ್ಪು ಮೈಗೆ ಕಪ್ಪು ಚಕ್ರ ನನಗೆ ಯಾವತ್ತೂ ಸರಿಯೆನಿಸಿದ ಜೋಡಿ.

ಚಕ್ರ ಕಪ್ಪಾದಾಗ ಅದರ ಹಿಂದೆ ಇರುವುದು ಮುಂದಕ್ಕೆ ಬರುತ್ತದೆ ಅನ್ನುವುದನ್ನೂ ಮರೆಯಬಾರದು. ಬ್ರೇಕಿನ ಡಿಸ್ಕು ಬೆಳ್ಳಗೆ ಹೊಳೆಯುತ್ತದೆ, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ಗೆ ಕೆಂಪು ಬಣ್ಣ ಇದ್ದರೆ ಎದ್ದು ಕಾಣುತ್ತದೆ. ಕಪ್ಪು ಆವೃತ್ತಿಗಳಲ್ಲಿ ಕಂಪನಿಗಳು ಕ್ಯಾಲಿಪರ್‌ಗೆ ಕೆಂಪು ಬಳಿಯುವುದು ಈ ಲೆಕ್ಕದಿಂದಲೇ. ಆದರೆ ಸ್ವಿಫ್ಟಿನಂಥ ಗಾಡಿಯ ಹಿಂದಿನ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಎರಡು ಮಳೆಗಾಲ ಕಳೆದ ಡ್ರಮ್ಮು ತುಕ್ಕು ಹಿಡಿದು ಕಂದಾಗಿರುತ್ತದೆ. ಬೆಳ್ಳಿ ಚಕ್ರದ ಹಿಂದೆ ಆ ಕಂದು ನೆರಳಿನಲ್ಲಿ ಅಡಗಿರುತ್ತದೆ. ಕಪ್ಪು ಚಕ್ರದ ಹಿಂದೆ ಅದೇ ತಿಳಿಯಾಗಿ ಕಂಡು ಕಣ್ಣಿಗೆ ಚುಚ್ಚುತ್ತದೆ.

ಬಡವರ ಕಪ್ಪು, ಸಿರಿವಂತರ ಕಪ್ಪು

ಹಳತಾಯಿತೇ ಅನ್ನುವ ಪ್ರಶ್ನೆಗೆ ಬರೋಣ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಪ್ಪಿನಷ್ಟು ಅರ್ಥ ಬದಲಿಸಿದ ಬಣ್ಣ ಕಾರಿನ ಲೋಕದಲ್ಲಿ ಇನ್ನೊಂದಿಲ್ಲ.

1914ರಿಂದ 1925ರವರೆಗೆ ಫೋರ್ಡ್ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ಒಂದೇ ಬಣ್ಣ ಇಟ್ಟುಕೊಂಡರೆ ಕಾರ್ಖಾನೆ ನಿಲ್ಲದೆ ಓಡುತ್ತದೆ, ಖರ್ಚು ಇಳಿಯುತ್ತದೆ. ಅಲ್ಲಿಂದ ಮುಂದೆ ಎಷ್ಟೋ ದಶಕ ಕಪ್ಪು ಚಕ್ರ ಎಂದರೆ ಅಗ್ಗದ ಚಕ್ರ. ಉಕ್ಕಿನ ತಗಡನ್ನು ಒತ್ತಿ, ಬೆಸೆದು, ತುಕ್ಕು ಹಿಡಿಯದಿರಲಿ ಅಂತ ಕಪ್ಪು ಬಳಿದು ಕಳಿಸುತ್ತಿದ್ದರು. ನಮ್ಮಲ್ಲಿ ಇವತ್ತಿಗೂ ಬೇಸ್ ಮಾಡೆಲ್ ಕಾರು ಗುರುತಿಸಲು ಬಹಳ ಜನ ಮೊದಲು ನೋಡುವುದು ಚಕ್ರವನ್ನೇ: ಕ್ಯಾಪು ಇಲ್ಲದ ಕಪ್ಪು ಸ್ಟೀಲ್ ರಿಮ್ಮು. ಸ್ವಲ್ಪ ದುಡ್ಡು ಹೆಚ್ಚು ಕೊಟ್ಟರೆ ಆ ಕಪ್ಪನ್ನು ಮುಚ್ಚಲು ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ವೀಲ್ ಕ್ಯಾಪು. ಇನ್ನಷ್ಟು ಕೊಟ್ಟರೆ ಅಲಾಯ್.

ಅಲಾಯ್‌ನ ಹಿಂದೆಯೂ ಒಂದು ದೊಡ್ಡ ಕಥೆ ಇದೆ. 1924ರ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದ ಗ್ರಾನ್ ಪ್ರಿ ಪಂದ್ಯಕ್ಕೆ ಬುಗಾಟಿ ಟೈಪ್ 35 ಕಾರು ಎಂಟು ಅಗಲ ಸ್ಪೋಕುಗಳ ಎರಕದ ಅಲ್ಯೂಮಿನಿಯಂ ಚಕ್ರದೊಂದಿಗೆ ಇಳಿಯಿತು. ಬ್ರೇಕ್ ಡ್ರಮ್ಮು ಚಕ್ರದ ಜೊತೆಗೇ ಇತ್ತು. ಮರದ, ತಂತಿಯ ಚಕ್ರಗಳ ಕಾಲದಲ್ಲಿ ಅದು ಕಣ್ಣು ಸೆಳೆಯುವ ವಸ್ತು. ಅಲ್ಯೂಮಿನಿಯಂ ಬೆಳ್ಳಿಯಂತೆ ಹೊಳೆಯುವ ಲೋಹ. ಹಾಗಾಗಿ ಬೆಳ್ಳಿಯ ಚಕ್ರ ಅಂದರೆ ವೇಗ, ದುಡ್ಡು, ಅಭಿರುಚಿ ಅನ್ನುವ ಅರ್ಥ ಹುಟ್ಟಿಕೊಂಡಿತು. ಆಮೇಲೆ ಕ್ರೋಮ್ ಬಂತು, ಬಂಪರು, ಗ್ರಿಲ್ಲು, ವೀಲ್ ಕ್ಯಾಪು ಎಲ್ಲ ಕನ್ನಡಿಯಂತೆ ಹೊಳೆಯತೊಡಗಿದವು. ಅಂಬಾಸಿಡರ್, ಪದ್ಮಿನಿಗಳ ಹೊಳೆಯುವ ವೀಲ್ ಕ್ಯಾಪುಗಳನ್ನು ನೋಡಿದ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಅರ್ಥ ತಿರುವುಮುರುವಾದದ್ದು ಈಚಿನ ದಶಕಗಳಲ್ಲಿ. ಕ್ರೋಮ್ ಅತಿಯಾಗಿ ಜನರಿಗೆ ಬೇಸರ ಬಂದದ್ದು ಒಂದು ಕಾರಣ. ಕ್ರೋಮ್ ಲೇಪನದ ಕೆಲಸದಲ್ಲಿ ಬಳಕೆಯಾಗುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಯುರೋಪಿನಲ್ಲಿ ಅದರ ಮೇಲೆ ಕಾನೂನು ಬಿಗಿಯಾದದ್ದು ಇನ್ನೊಂದು. ಕಿಟಕಿಯ ಸುತ್ತ, ಗ್ರಿಲ್ಲಿನ ಮೇಲೆ, ಲಾಂಛನದಲ್ಲಿ ಕ್ರೋಮ್ ಇದ್ದ ಜಾಗಕ್ಕೆ ಹೊಳಪು ಕಪ್ಪು ಬಂದು ಕೂತಿತು. ಉಳಿದೆಲ್ಲ ಕಪ್ಪಾದಾಗ ಚಕ್ರವೊಂದೇ ಬೆಳ್ಳಗಿದ್ದರೆ ಹೊಂದುವುದಿಲ್ಲ, ಅದೂ ಕಪ್ಪಾಯಿತು. 2016ರಲ್ಲಿ ರೋಲ್ಸ್ ರಾಯ್ಸ್ ಕಂಪನಿಯೇ ಬ್ಲ್ಯಾಕ್ ಬ್ಯಾಡ್ಜ್ ಎಂಬ ಸಾಲು ತಂದು, ಬಾನೆಟ್ಟಿನ ಮೇಲಿನ ತನ್ನ ಪ್ರಸಿದ್ಧ ಬೊಂಬೆಗೂ ಕಪ್ಪು ಲೇಪಿಸಿತು. ಬೇಸ್ ಮಾಡೆಲ್ಲಿನ ಗುರುತಾಗಿದ್ದ ಬಣ್ಣ ಅರಮನೆಯ ಬಾಗಿಲು ದಾಟಿತ್ತು.

ಭಾರತದಲ್ಲಿ ಈ ಅಲೆ ಜನಸಾಮಾನ್ಯರ ಷೋರೂಮಿಗೆ ಬಂದದ್ದು 2019ರ ಆಗಸ್ಟಿನಲ್ಲಿ, ಟಾಟಾ ಹ್ಯಾರಿಯರ್ ಡಾರ್ಕ್ ಆವೃತ್ತಿಯ ಜೊತೆ ಅನ್ನಬಹುದು. ಮೈಯೂ ಕಪ್ಪು, 17 ಇಂಚಿನ ಚಕ್ರವೂ ಕಪ್ಪು, ಒಳಗೂ ಕಪ್ಪು. 2021ರಲ್ಲಿ ಟಾಟಾ ಅದನ್ನು ಆಲ್ಟ್ರೋಜ್, ನೆಕ್ಸಾನ್‌ಗೂ ವಿಸ್ತರಿಸಿತು. 2022ರಲ್ಲಿ ಹ್ಯುಂಡೈ ಕ್ರೆಟಾ ನೈಟ್, 2024ರಲ್ಲಿ ಎಂಜಿ ಹೆಕ್ಟರ್ ಬ್ಲ್ಯಾಕ್‌ಸ್ಟಾರ್ಮ್, ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಫಾರ್ಚೂನರ್‌ನಲ್ಲಿ ಕಪ್ಪು ಅಲಾಯ್ ಇರುವ ಲೀಡರ್ ಆವೃತ್ತಿ, 2025ರಲ್ಲಿ ಹೋಂಡಾ ಎಲಿವೇಟ್ ಬ್ಲ್ಯಾಕ್ ಮತ್ತು ಮಹೀಂದ್ರಾ ಸ್ಕಾರ್ಪಿಯೋ ಎನ್ ಕಾರ್ಬನ್. ಹೆಸರು ಬೇರೆ ಬೇರೆ, ಉಪಾಯ ಒಂದೇ. ಕಂಪನಿಗೂ ಇದು ಸಲೀಸು: ಹೊಸ ಅಚ್ಚು ಬೇಡ, ಹೊಸ ತಗಡು ಬೇಡ, ಇರುವ ಗಾಡಿಗೇ ಬಣ್ಣ ಬದಲಿಸಿದರೆ ಹೊಸ ಆವೃತ್ತಿ ಸಿದ್ಧ. ಡೈಮಂಡ್ ಕಟ್ ಅಲಾಯ್ ಆದರೆ ಬಣ್ಣ ಹೊಡೆದ ಮೇಲೆ ಅದರ ಮುಖವನ್ನು ಲೇತಿನಲ್ಲಿ ತುರಿದು ಲೋಹ ಹೊಳೆಯಿಸಬೇಕು. ಪೂರ್ತಿ ಕಪ್ಪಿಗೆ ಆ ಕೆಲಸವೂ ಬೇಡ.

ಹಾಗಾಗಿ ತಮ್ಮನ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಕಪ್ಪು ರಿಮ್ಮು ಹಳತಾಗಿಲ್ಲ. ಕಂಪನಿಗಳು ಇನ್ನೂ ಅದನ್ನು ದುಬಾರಿ ಆವೃತ್ತಿಯ ಗುರುತಾಗಿಯೇ ಮಾರುತ್ತಿವೆ. ಆದರೆ ಹತ್ತು ವರ್ಷದ ಹಿಂದೆ ಕಪ್ಪು ಹೊಡೆಸಿದ ಗಾಡಿ ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದರು, ಏನೋ ಬೇರೆ ಮಾಡಿಸಿದ್ದಾನೆ ಅಂತ. ಆ ಬೆರಗು ಈಗ ಇಲ್ಲ, ಕಂಪನಿಯೇ ಕೊಡುವುದನ್ನು ಯಾರು ತಿರುಗಿ ನೋಡುತ್ತಾರೆ? ಬೇರೆಯಾಗಿ ಕಾಣಬೇಕು ಅನ್ನುವ ಆಸೆಗೆ ಕಪ್ಪು ಹೊಡೆಸಿದರೆ ನಿರಾಸೆಯಾಗುತ್ತದೆ. ಗಾಡಿಗೆ ಒಪ್ಪುತ್ತದೆ ಅಂತ ಹೊಡೆಸಿದರೆ ನಿರಾಸೆ ಆಗುವುದಿಲ್ಲ. ಹೊಸತನ ಬೇಕೆನ್ನುವವರು ಈಗ ಕಂಚಿನ ಬಣ್ಣಕ್ಕೆ, ಗನ್‌ಮೆಟಲ್ ಎಂಬ ಗಾಢ ಬೂದು ಬಣ್ಣಕ್ಕೆ ಹೋಗುತ್ತಿದ್ದಾರೆ. ಇವಿಗಳಲ್ಲಿ, ಅಂದರೆ ವಿದ್ಯುತ್ ಕಾರುಗಳಲ್ಲಿ, ಗಾಳಿಯ ತಡೆ ಕಡಿಮೆ ಮಾಡಲು ಸಂದುಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿದ ಚಪ್ಪಟೆ ಮುಖದ ಚಕ್ರಗಳು ಬಂದಿವೆ. ಅಲ್ಲಿ ಕಪ್ಪು ಮತ್ತು ಬೆಳ್ಳಿ ಎರಡೂ ಒಂದೇ ಚಕ್ರದಲ್ಲಿ ಪಾಲು ಹಂಚಿಕೊಂಡಿವೆ.

ಕೊಳೆ ಕಾಣಲ್ಲ ಅನ್ನುವ ಮಾತು

"ಕಪ್ಪಾದ್ರೆ ತೊಳೆಯೋ ತಲೆನೋವಿಲ್ಲ ಸಾರ್, ಕೊಳೆ ಕಾಣಲ್ಲ." ಈ ಮಾತನ್ನು ಆ ದಿನ ಮೂರು ಅಂಗಡಿಗಳಲ್ಲಿ ಕೇಳಿದೆವು. ಅರ್ಧ ನಿಜ.

ಬ್ರೇಕ್ ಹಾಕಿದಾಗಲೆಲ್ಲ ಪ್ಯಾಡೂ ಎರಕದ ಕಬ್ಬಿಣದ ಡಿಸ್ಕೂ ಸವೆದು ನಯವಾದ ಪುಡಿ ಹಾರುತ್ತದೆ. ಮುಂದಿನ ಚಕ್ರಗಳ ಮೇಲೆ ಅದು ಹೆಚ್ಚು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಅವೇ. ಬೆಳ್ಳಿ ಚಕ್ರದ ಮೇಲೆ ಈ ಕರಿಪುಡಿ ವಾರದಲ್ಲೇ ಕಾಣುತ್ತದೆ, ಕಪ್ಪಿನ ಮೇಲೆ ಕಾಣುವುದಿಲ್ಲ. ಇಷ್ಟು ನಿಜ. ಆದರೆ ಕಾಣದಿದ್ದರೆ ಅದು ಅಲ್ಲಿಲ್ಲ ಅಂತಲ್ಲ. ಆ ಪುಡಿಯಲ್ಲಿ ಕಬ್ಬಿಣದ ಕಣಗಳಿವೆ. ನೀರು ತಾಗಿ ತುಕ್ಕು ಹಿಡಿದು ಬಣ್ಣದ ಮೇಲಿನ ಪದರಕ್ಕೆ ಕಚ್ಚಿಕೊಳ್ಳುತ್ತವೆ. ಐರನ್ ರಿಮೂವರ್ ಎಂದು ಸಿಗುವ ದ್ರಾವಣವನ್ನು ನೋಡಲು ಶುದ್ಧವಾಗಿರುವ ಕಪ್ಪು ಚಕ್ರದ ಮೇಲೆ ಸಿಂಪಡಿಸಿ ಎರಡು ನಿಮಿಷ ಬಿಡಿ. ನೇರಳೆ ಬಣ್ಣದ ರಸ ಇಳಿಯತೊಡಗುತ್ತದೆ, ಜಂಬುನೇರಳೆ ಹಿಂಡಿದ ಹಾಗೆ. ದ್ರಾವಣ ಕಬ್ಬಿಣದ ಜೊತೆ ಸೇರಿದ್ದರ ಗುರುತು ಅದು.

ನಮ್ಮ ನಾಡಿನಲ್ಲಿ ಇನ್ನೂ ಎರಡು ವಿಷಯ ಸೇರುತ್ತವೆ: ಮಣ್ಣು ಮತ್ತು ಬೋರ್‌ವೆಲ್ ನೀರು. ಮಲೆನಾಡು, ಕರಾವಳಿಯ ಕೆಮ್ಮಣ್ಣು ಒಣಗಿದರೆ ಕಪ್ಪು ಚಕ್ರದ ಮೇಲೆ ಇಟ್ಟಿಗೆ ಪುಡಿಯಂತೆ ಎದ್ದು ಕಾಣುತ್ತದೆ. ಬಯಲುಸೀಮೆಯ ಧೂಳು ಬೂದಿ ಬಳಿದಂತೆ. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಮಣ್ಣು ಕೂಡ ಒದ್ದೆಯಾಗಿದ್ದಾಗ ಕಪ್ಪು, ಒಣಗಿದ ಮೇಲೆ ಬೂದು. ಎಲ್ಲಕ್ಕಿಂತ ಕಿರುಕುಳ ಕೊಡುವುದು ಗಡಸು ನೀರು. ಬೆಂಗಳೂರು, ಕೋಲಾರ, ತುಮಕೂರಿನ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ತುಂಬಿರುತ್ತವೆ. ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಹನಿ ಹನಿಯೂ ಒಂದೊಂದು ಬಿಳಿ ಉಂಗುರವಾಗಿ ಒಣಗುತ್ತದೆ.

ನಮ್ಮ ಮನೆಯಲ್ಲಿ ಇದನ್ನು ನಾನು ಸರಿಯಾಗಿ ಕಂಡದ್ದು ಆಯುಧಪೂಜೆಯ ದಿನ. ಬೆಳಿಗ್ಗೆ ಗಾಡಿ ತೊಳೆದು, ಒರೆಸುವಷ್ಟರಲ್ಲಿ ಹೂವು ತರಲು ಹೋಗಿದ್ದೆ. ಬಂದು ನೋಡಿದರೆ ಹೊಳಪು ಕಪ್ಪು ಚಕ್ರದ ತುಂಬ ಬಿಳಿ ಚುಕ್ಕೆ. ಅದರ ಮೇಲೆ ಅಮ್ಮ ಅರಿಶಿನ, ಕುಂಕುಮ, ಗಂಧ ಹಚ್ಚಿದರು. ಕಪ್ಪಿನ ಮೇಲೆ ಆ ಹಳದಿ ಕೆಂಪು ಎಷ್ಟು ಚೆನ್ನಾಗಿ ಕಂಡಿತೆಂದರೆ, ಯಾವ ಬೆಳ್ಳಿ ಚಕ್ರದ ಮೇಲೂ ಹಾಗೆ ಕಾಣಲು ಸಾಧ್ಯವಿಲ್ಲ. ಚುಕ್ಕೆ ಮಾತ್ರ ಹಾಗೇ ಉಳಿಯಿತು. ಆವತ್ತೇ ವಿನಿಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದ್ದರೆ ಹೋಗುತ್ತಿತ್ತು. ವಾರ ಬಿಟ್ಟು ಒರೆಸಿದೆ, ಅಷ್ಟರಲ್ಲಿ ಕೆಲವು ಕಚ್ಚಿದ್ದವು.

ಮ್ಯಾಟ್ ಕಪ್ಪು ತಗೊಳ್ಳುವವರು ಒಂದು ವಿಷಯ ಮುಂಚೆಯೇ ತಿಳಿದಿರಬೇಕು. ಅದನ್ನು ಪಾಲಿಶ್ ಮಾಡುವಂತಿಲ್ಲ. ಉಜ್ಜಿದ ಕಡೆ ಹೊಳಪು ಬಂದು ತೇಪೆ ಹಾಕಿದಂತಾಗುತ್ತದೆ, ಸರಿಪಡಿಸಲು ಮತ್ತೆ ಬಣ್ಣವೇ ಹೊಡೆಯಬೇಕು. ಹೊಳಪು ಕಪ್ಪನ್ನು ಪಾಲಿಶ್ ಮಾಡಬಹುದು, ಆದರೆ ಒರಟು ಬಟ್ಟೆ ಸೋಕಿದರೆ ಜೇಡರ ಬಲೆಯಂಥ ಗೆರೆಗಳು. ಎರಡರ ನಡುವಿನ ಸ್ಯಾಟಿನ್ ಕಪ್ಪು ನಮ್ಮ ರಸ್ತೆ, ನಮ್ಮ ನೀರಿಗೆ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅನುಭವ. ರಸ್ತೆ ಬದಿಯ ವಾಟರ್ ವಾಶ್‌ಗಳಲ್ಲಿ ಆ್ಯಸಿಡ್ ಬೆರೆತ ದ್ರಾವಣ ಹೊಡೆಯುತ್ತಿದ್ದರೆ ಚಕ್ರಕ್ಕೆ ಬೇಡ ಅಂತ ಗಟ್ಟಿಯಾಗಿ ಹೇಳಿ. ಶಾಂಪೂ ನೀರು ಸಾಕು.

ಕಪ್ಪು ಚಕ್ರ ಬಿಸಿಲು ಹೀರಿ ಬ್ರೇಕು ಕಾಯುತ್ತದೆ ಅಂತಲೂ ಕೆಲವರು ಹೆದರಿಸುತ್ತಾರೆ. ನಿಲ್ಲಿಸಿದ ಗಾಡಿಯ ಕಪ್ಪು ಚಕ್ರ ಮುಟ್ಟಿದರೆ ಬಿಸಿ ಇರುತ್ತದೆ, ಹೌದು. ಆದರೆ ಬ್ರೇಕು ಕಾಯುವುದು ಉಜ್ಜಾಟದಿಂದ, ತಣಿಯುವುದು ಬಹುಪಾಲು ಬೀಸುವ ಗಾಳಿಯಿಂದ. ಶಾಖ ಹೊರಹೊಮ್ಮಿಸುವುದರಲ್ಲಿ ಬಣ್ಣ ಬಳಿದ ಯಾವ ಚಕ್ರವಾದರೂ ಹೆಚ್ಚುಕಡಿಮೆ ಒಂದೇ. ಬೆಳ್ಳಿ ಪೇಂಟಿಗೂ ಕಪ್ಪು ಪೇಂಟಿಗೂ ಹೇಳಿಕೊಳ್ಳುವ ಅಂತರವಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕನ್ನು ಕಾಪಾಡುವುದು ಎರಡನೇ ಗೇರು, ರಿಮ್ಮಿನ ಬಣ್ಣ ಅಲ್ಲ.

ಬಣ್ಣ ಹೊಡೆಸುವ ಮುಂಚೆ

ಇಲ್ಲಿ ಅಂದದ ಮಾತು ಮುಗಿದು ಜೀವದ ಮಾತು ಶುರುವಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ.

ಎರಕದ ಅಲಾಯ್ ಬರೀ ಅಲ್ಯೂಮಿನಿಯಂ ಅಲ್ಲ. ಸಾಮಾನ್ಯವಾಗಿ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆತಿರುತ್ತದೆ. ಎರಕ ಹೊಯ್ದ ಮೇಲೆ ಅದನ್ನು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 150 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಹದ ಮಾಡುತ್ತಾರೆ. ಕಮ್ಮಾರ ಕುಡುಗೋಲಿಗೆ ಹದ ಕೊಟ್ಟಂತೆಯೇ ಇದು. ಚಕ್ರದ ಗಟ್ಟಿತನ ಇರುವುದು ಆ ಹದದಲ್ಲಿ.

ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಗೆ ವಿದ್ಯುತ್ ಚಾರ್ಜು ಕೊಟ್ಟು ಚಕ್ರಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿಯ ಓವನ್‌ನಲ್ಲಿ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಬೇಯಿಸುವುದು. ಒಂದು ಸಲ, ಅಳತೆಯಲ್ಲಿ ಮಾಡಿದರೆ ತೊಂದರೆ ಇಲ್ಲ. ಸ್ಪ್ರೇ ಪೇಂಟಿಗಿಂತ ಎಷ್ಟೋ ಗಟ್ಟಿ, ಕಲ್ಲು ಸಿಡಿದರೂ ಬೇಗ ಏಳುವುದಿಲ್ಲ. ಆದರೆ ಶಾಖದ ಮೇಲೆ ಹಿಡಿತವಿಲ್ಲದ ಭಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ, ಅಥವಾ ಬಣ್ಣ ಹಿಡಿಸಲಿಲ್ಲ ಅಂತ ಮತ್ತೆ ಮತ್ತೆ ಬೇಯಿಸಿದರೆ ಕಾರ್ಖಾನೆ ಕೊಟ್ಟ ಹದ ಇಳಿಯುತ್ತದೆ. ಮೊದಲೇ ಬಣ್ಣ ತೀರ್ಮಾನ ಮಾಡಿಕೊಂಡು ಹೋಗಬೇಕು, ಓವನ್ನಿನ ಶಾಖ ಎಷ್ಟು ಅಂತ ಕೇಳಲು ಸಂಕೋಚ ಬೇಡ.

ಇನ್ನೂ ಮುಖ್ಯ, ಎಷ್ಟೋ ಕಡೆ ಕಡೆಗಣಿಸುವ ವಿಷಯ: ನಟ್ಟು ಕೂರುವ ಗುಳಿ. ವೀಲ್ ನಟ್ಟಿನ ಮೂತಿ ಸಾಮಾನ್ಯವಾಗಿ ಕೋನಾಕಾರ ಇರುತ್ತದೆ, ಚಕ್ರದ ರಂಧ್ರದ ಬಾಯಿಯೂ ಅದೇ ಕೋನದಲ್ಲಿ ಇರುತ್ತದೆ. ಲೋಹಕ್ಕೆ ಲೋಹ ಕಚ್ಚಿದರೆ ಮಾತ್ರ ಬಿಗಿ ನಿಲ್ಲುತ್ತದೆ. ಆ ಗುಳಿಯ ಒಳಗೂ, ಆಕ್ಸಲ್ ತುದಿಯ ಹಬ್‌ಗೆ ಚಕ್ರ ಅಂಟುವ ಹಿಂಬದಿಗೂ ದಪ್ಪ ಪೌಡರ್ ಕೂತಿದ್ದರೆ ಓಡುತ್ತಾ ಓಡುತ್ತಾ ಬಣ್ಣ ನಲುಗಿ ತೆಳುವಾಗುತ್ತದೆ, ನಟ್ಟು ಸಡಿಲವಾಗುತ್ತದೆ. ಬಣ್ಣ ಹೊಡೆಯುವ ಮುಂಚೆ ಆ ಜಾಗಗಳಿಗೆ ಸಿಲಿಕಾನ್ ಬಿರಡೆ, ಶಾಖ ತಡೆಯುವ ಟೇಪು ಹಾಕಿ ಮುಚ್ಚಬೇಕು. ಮುಚ್ಚುತ್ತೀರಾ ಅಂತ ಕೇಳಿ. "ಹಾಗಂದ್ರೆ ಏನು ಸಾರ್?" ಅಂದರೆ ಅಲ್ಲಿಂದ ಎದ್ದು ಬನ್ನಿ. ಚಕ್ರ ಹಾಕಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಬಿಗಿಯ ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಇನ್ನೊಮ್ಮೆ ಬಿಗಿ ನೋಡಿಸುವುದು ತಪ್ಪಬಾರದು.

ಹಳೆಯ ಅಲಾಯ್ ಕೊಳ್ಳುವವರಿಗೆ ಕಪ್ಪು ಬಣ್ಣವೇ ಒಂದು ಎಚ್ಚರಿಕೆ. ಗುಂಡಿಗೆ ಬಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟ ಚಕ್ರವನ್ನು ಬೆಸೆದು, ಬೆಂಡು ತೆಗೆದು, ಮೇಲೆ ದಟ್ಟ ಕಪ್ಪು ಹೊಡೆದರೆ ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಬೆಳ್ಳಿಯಲ್ಲಿ ಬಿರುಕು ಕರಿಗೆರೆಯಾಗಿ ಕಾಣುತ್ತದೆ, ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಹಿಂಬದಿ ತಿರುಗಿಸಿ ಒಳ ಅಂಚನ್ನು ಟಾರ್ಚು ಹಿಡಿದು ನೋಡಿ. ಏಟು ಮೊದಲು ಬೀಳುವುದು ಅಲ್ಲಿಗೆ. ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಓಲಾಟವೂ ಗೊತ್ತಾಗುತ್ತದೆ. ಹೊಸದು ಕೊಳ್ಳುವುದಾದರೆ ಚಕ್ರದ ಮೇಲೆ ಐಎಸ್‌ಐ ಗುರುತು ಹುಡುಕಿ. ನಟ್ಟಿನ ರಂಧ್ರಗಳ ಎಣಿಕೆಯೂ ಅವು ಕೂತ ವೃತ್ತದ ಅಡ್ಡಳತೆಯೂ ಗಾಡಿಗೆ ಕೂಡಿಬರಬೇಕು: ಸ್ವಿಫ್ಟಿಗೆ ನಾಲ್ಕು ನಟ್ಟು, 100 ಮಿಲಿಮೀಟರ್, ಕ್ರೆಟಾಗೆ ಐದು ನಟ್ಟು, 114.3. ಒಂದರದ್ದು ಇನ್ನೊಂದಕ್ಕೆ ಆಗದು.

ಕಾನೂನಿನ ಭಯವೂ ಕೆಲವರಿಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮೂಲಕ್ಕೆ ಹೊರತಾಗಿ ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಬರೆದಿರುವುದು ಮೈಯ ಬಣ್ಣ. ಚಕ್ರದ ಬಣ್ಣದ ಪ್ರಸ್ತಾಪ ಅದರಲ್ಲಿಲ್ಲ. ಇರುವ ಚಕ್ರಕ್ಕೆ ಬಣ್ಣ ಬದಲಿಸುವುದು ಬೇರೆ, ಕಂಪನಿ ಹೇಳದ ಅಳತೆಯ ಚಕ್ರ ಟೈರು ಹಾಕಿ ಗಾಡಿಯಿಂದ ಆಚೆ ಚಾಚುವಂತೆ ಮಾಡುವುದು ಬೇರೆ. ಎರಡನೆಯದರಿಂದ ದೂರವಿರಿ.

ತಮ್ಮನ ಗಾಡಿಗೆ ಕೊನೆಗೆ ಏನು ಮಾಡಿದೆವು ಅಂದರೆ, ಮೊದಲು ಪಕ್ಕದಿಂದ ಒಂದು ಫೋಟೋ ತೆಗೆದು, ಮೊಬೈಲಿನಲ್ಲೇ ಚಕ್ರಗಳ ಮೇಲೆ ಬೆರಳಿನಿಂದ ಕಪ್ಪು ತೀಡಿದೆವು. ಹತ್ತು ಹೆಜ್ಜೆ ದೂರದಿಂದ ನೋಡಿದಂತೆ ಫೋಟೋ ಚಿಕ್ಕದು ಮಾಡಿ ಹಿಡಿದಾಗ ಅವನೇ, "ಬೇಡ ಅಣ್ಣಾ, ಗಾಡಿ ಕುಳ್ಳಗೆ ಕಾಣ್ತಿದೆ" ಅಂದ. ಅದೇ ಫೋಟೋದಲ್ಲಿ ಗಾಢ ಬೂದು ತೀಡಿದಾಗ ಸ್ಪೋಕುಗಳು ಉಳಿದವು, ಬಿಳಿ ಮೈಗೆ ಬೇಕಾದ ವ್ಯತ್ಯಾಸವೂ ಸಿಕ್ಕಿತು. ಸ್ಯಾಟಿನ್ ಗನ್‌ಮೆಟಲ್ ಪೌಡರ್ ಹಾಕಿಸಿದೆವು. ಹಿಂದಿನ ಡ್ರಮ್ಮುಗಳ ತುಕ್ಕು ಉಜ್ಜಿ, ಶಾಖ ತಡೆಯುವ ಕಪ್ಪು ಬಣ್ಣ ಹೊಡೆದದ್ದು ಮಾತ್ರ ಅವನ ಸ್ವಂತ ಕೈಕೆಲಸ. ಇಡೀ ಗಾಡಿಯಲ್ಲಿ ಕಪ್ಪು ಸರಿಯಾಗಿ ಕೂತದ್ದು ಅಲ್ಲೇ.

ಮುಂದಿನ ವಾರ ಸಕಲೇಶಪುರಕ್ಕೆ ಹೊರಡುವ ಮುಂಚೆ, ಅಲ್ಲಿ ಇಲ್ಲಿ ಓಡಾಡಿ ನೂರು ಕಿಲೋಮೀಟರ್ ಆಗಿತ್ತು, ಟಾರ್ಕ್ ಸ್ಪ್ಯಾನರ್ ಹಿಡಿದು ಒಂದೊಂದೇ ನಟ್ಟು ನೋಡಿದೆವು. ಹದಿನೈದು ಅಲುಗಲಿಲ್ಲ. ಹಿಂದಿನ ಎಡ ಚಕ್ರದ ಒಂದು ನಟ್ಟು ಮಾತ್ರ ಕಾಲು ಸುತ್ತು ತಿರುಗಿ ಬಿಗಿಯಾಯಿತು.